ಮ್ಯಾಡ್ರಿಡ್‌ನ ಮಕ್ಕಳಿಗೆ ಶಾಲೆ ಕಟ್ಟಿದ ಮಂತ್ರಿ

ವಾಸ್ತುಶಿಲ್ಪಿ ಬೆರ್ನಾರ್ದೊ ಹಿನೆರ್ ದೆ ಲೊಸ್ ರಿಯೊಸ್ ಸ್ಪೇನಿನ ಮಂತ್ರಿಯಾಗಿದ್ದವರು, ದೇಶ ಬಿಟ್ಟು ಮೆಕ್ಸಿಕೋದಲ್ಲಿ ನೆಲೆಸಿದವರು. ಆದರೆ ನನ್ನನ್ನು ಅವರತ್ತ ಸೆಳೆದದ್ದು ಅವರು ಮ್ಯಾಡ್ರಿಡ್‌ನಲ್ಲಿ ಕಟ್ಟಿದ ಶಾಲೆಗಳಲ್ಲಿದ್ದ ಸ್ನಾನದ ಕೋಣೆಗಳು.

ಅಂಥ ಶಾಲೆಗಳು ಬರುವ ಮೊದಲು ಆ ನಗರದ ಎಷ್ಟೋ ಸರ್ಕಾರಿ ಶಾಲೆಗಳು ವಠಾರದಂಥ ಕಟ್ಟಡಗಳ ಬಾಡಿಗೆ ಕೋಣೆಗಳಲ್ಲಿ ನಡೆಯುತ್ತಿದ್ದವು. ಬೇರೆ ಬೇರೆ ವಯಸ್ಸಿನ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ, ಒಬ್ಬರೇ ಮೇಷ್ಟ್ರ ಮುಂದೆ ಕೂರುತ್ತಿದ್ದರು. ಗಾಳಿ ಇಲ್ಲ, ಬೆಳಕಿಲ್ಲ, ಆಡಲು ಅಂಗಳವಿಲ್ಲ. ಇದರ ಬದಲು ವಯಸ್ಸಿಗೆ ತಕ್ಕ ತರಗತಿಗಳಿರುವ ದೊಡ್ಡ ಶಾಲೆಗಳನ್ನು ಕಟ್ಟಲು ಹೊರಟವರು ವಾಸ್ತುಶಿಲ್ಪಿ ಆಂತೋನಿಯೊ ಫ್ಲೋರೆಸ್. ಅವರ ಜೊತೆಗೂಡಿದವರು ಬೆರ್ನಾರ್ದೊ. ಮುಂದೆ ಮ್ಯಾಡ್ರಿಡ್ ನಗರಸಭೆಯ ಶಾಲಾ ಕಟ್ಟಡಗಳ ಹೊಣೆ ಹೊತ್ತವರೂ ಅವರೇ.

ಈ ಶಾಲೆಗಳ ಹೊರಗೋಡೆಗೆ ಗಿಲಾವಿನ ಆಡಂಬರವಿಲ್ಲ. ಮ್ಯಾಡ್ರಿಡ್‌ನ ಗಾರೆಯವರ ಕೈಗೆ ಚೆನ್ನಾಗಿ ಒಗ್ಗಿದ ಇಟ್ಟಿಗೆಯನ್ನೇ ಕಾಣುವಂತೆ ಬಿಟ್ಟಿದ್ದಾರೆ. ತರಗತಿಗೆ ಅಗಲವಾದ, ಎತ್ತರದ ಕಿಟಕಿಗಳು. ಕೊನೆಯ ಬೆಂಚಿನ ಮಗುವಿನ ಪುಸ್ತಕದ ಮೇಲೂ ಹಗಲಿನ ಬೆಳಕು ಬೀಳಬೇಕು. ಇಕ್ಕಟ್ಟಿನ ಬಡಾವಣೆಯಲ್ಲಿ ಮೈದಾನಕ್ಕೆ ಜಾಗ ಸಾಲದಾದಾಗ ಮಹಡಿಯ ತಾರಸಿಯೇ ಆಟದ ಬಯಲಾಯಿತು. ಊಟದ ಮನೆ, ಗ್ರಂಥಾಲಯ, ಸ್ನಾನದ ಕೋಣೆ ಎಲ್ಲವೂ ನಕ್ಷೆಯಲ್ಲೇ ಸೇರಿದ್ದವು. ಮನೆಯಲ್ಲಿ ನಲ್ಲಿ ನೀರೂ ಇಲ್ಲದ ಕೂಲಿಕಾರರ ಮಕ್ಕಳು ಶಾಲೆಯಲ್ಲಿ ಮಿಂದು, ಉಂಡು, ಓದುವಂತಾಯಿತು. ಅಕ್ಷರದಷ್ಟೇ ಅನ್ನ, ನೀರು, ಬೆಳಕೂ ಶಿಕ್ಷಣವೆಂದು ನಂಬಿದವರ ಕೆಲಸ ಅದು.

ಆ ನಂಬಿಕೆ ಬೆರ್ನಾರ್ದೊಗೆ ಮನೆಯಿಂದಲೇ ಬಂದದ್ದು. ಅವರು ಹುಟ್ಟಿದ್ದು 1888ರಲ್ಲಿ, ಮಾಲಗದಲ್ಲಿ. ತಂದೆ ಎರ್ಮೆನೆಹಿಲ್ದೊ ಮೇಷ್ಟ್ರು, ರಾಜಕಾರಣಿ. ದೊಡ್ಡಪ್ಪ ಫ್ರಾನ್ಸಿಸ್ಕೊ ಹಿನೆರ್, ಸರ್ಕಾರ ಮತ್ತು ಚರ್ಚಿನ ಅಂಕೆಗೆ ತಕ್ಕಂತೆ ಪಾಠ ಹೇಳಲು ಒಪ್ಪದೆ ವಿಶ್ವವಿದ್ಯಾಲಯದಿಂದ ಹೊರಬಿದ್ದು, 1876ರಲ್ಲಿ ಗೆಳೆಯರೊಡನೆ ಸ್ವತಂತ್ರ ಶಿಕ್ಷಣ ಸಂಸ್ಥೆ ಕಟ್ಟಿದವರು. ಅಲ್ಲಿ ಉರುಹೊಡೆಯುವುದಕ್ಕೆ ಬೆಲೆಯಿರಲಿಲ್ಲ. ಮಕ್ಕಳನ್ನು ಬೆಟ್ಟಕ್ಕೆ, ಮ್ಯೂಸಿಯಮ್ಮಿಗೆ ಕರೆದೊಯ್ದು ಕಲಿಸುತ್ತಿದ್ದರು.

1931ರಲ್ಲಿ ಸ್ಪೇನಿನಲ್ಲಿ ಗಣರಾಜ್ಯ ಬಂದಾಗ ಈ ಕನಸಿಗೆ ಸರ್ಕಾರದ ಬಲ ಸಿಕ್ಕಿತು. ದೇಶಕ್ಕೆ ಇನ್ನೂ 27,151 ಶಾಲೆಗಳು ಬೇಕೆಂದು ಲೆಕ್ಕ ಹಾಕಿ, ಮೊದಲ ವರ್ಷವೇ 7,000 ತೆರೆಯಲು ಹೊಸ ಸರ್ಕಾರ ತೀರ್ಮಾನಿಸಿತು. ಮ್ಯಾಡ್ರಿಡ್‌ನಲ್ಲಿ ಬೆರ್ನಾರ್ದೊ ಅವರ ತಿರ್ಸೊ ದೆ ಮೊಲಿನಾ, ಕ್ಲೌದಿಯೊ ಮೊಯಾನೊ ಶಾಲೆಗಳು ಎದ್ದು ನಿಂತವು.

1936ರ ಮೇ ತಿಂಗಳಲ್ಲಿ ಅವರು ಸಂಪರ್ಕ ಖಾತೆಯ ಮಂತ್ರಿಯಾದರು. ಎರಡೇ ತಿಂಗಳಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. ಪ್ರಧಾನಿಗಳು ಒಬ್ಬರಾದ ಮೇಲೊಬ್ಬರು ಬದಲಾದರೂ ಅವರು ಸಂಪುಟದಲ್ಲೇ ಉಳಿದರು. 1939ರಲ್ಲಿ ಗಣರಾಜ್ಯ ಸೋತಿತು. ಅವರು ಮೊದಲು ಫ್ರಾನ್ಸಿಗೆ, ಅಲ್ಲಿಂದ ದೊಮಿನಿಕನ್ ಗಣರಾಜ್ಯಕ್ಕೆ, ಕೊನೆಗೆ ಮೆಕ್ಸಿಕೋಗೆ ಹೋದರು. ಯುದ್ಧ ಗೆದ್ದಿದ್ದ ಫ್ರಾಂಕೊನ ಸರ್ಕಾರ 1942ರಲ್ಲಿ ಶಿಕ್ಷೆಗೊಳಗಾದ ವಾಸ್ತುಶಿಲ್ಪಿಗಳ ಪಟ್ಟಿ ಹೊರಡಿಸಿತು. ಬೆರ್ನಾರ್ದೊ ತಮ್ಮ ದೇಶದಲ್ಲಿ ವೃತ್ತಿ ನಡೆಸುವ ಹಕ್ಕನ್ನೇ ಕಳೆದುಕೊಂಡರು. ಅವರು ಕಟ್ಟಿದ ಶಾಲೆಗಳು ಮಾತ್ರ ಅದೇ ಸರ್ಕಾರಕ್ಕೂ ಬೇಕಾದವು.

ಮೆಕ್ಸಿಕೋದಲ್ಲಿದ್ದ ಅವರು 1952ರಲ್ಲಿ, 1900ರಿಂದ 1950ರವರೆಗಿನ ಸ್ಪೇನಿನ ವಾಸ್ತುಶಿಲ್ಪದ ಚರಿತ್ರೆಯನ್ನು ಪ್ರಕಟಿಸಿದರು. ದೇಶ ಬಿಟ್ಟು ಚದುರಿಹೋದ ವಾಸ್ತುಶಿಲ್ಪಿಗಳನ್ನೂ ಅದರಲ್ಲಿ ದಾಖಲಿಸಿದರು. ಮೆಕ್ಸಿಕೋದಲ್ಲಿ ತೆಳು ಕಾಂಕ್ರೀಟಿನ ಚಾವಣಿಗಳಿಂದ ಹೆಸರಾದ ಫೆಲಿಕ್ಸ್ ಕಾಂದೆಲಾ, ಅಮೆರಿಕ ಸೇರಿದ ಸೆರ್ತ್, ಮಾಸ್ಕೋ ಸೇರಿದ ಲಕಾಸಾ ಅಂಥವರ ಪೀಳಿಗೆ ಅದು. ತಾಯ್ನಾಡು ಹೊಡೆದುಹಾಕಿದ ಹೆಸರುಗಳನ್ನು ಪರದೇಶದಲ್ಲಿ ಕುಳಿತು ಮತ್ತೆ ಬರೆದಿಟ್ಟ ಈ ಕೆಲಸ, ಅವರು ಕಟ್ಟಿದ ಯಾವ ಕಟ್ಟಡಕ್ಕೂ ಕಡಿಮೆಯದಲ್ಲ ಎಂದೇ ನನ್ನ ಭಾವನೆ.

ಆ ಮ್ಯಾಡ್ರಿಡ್ ಶಾಲೆಗಳಲ್ಲಿ ಇಂದಿಗೂ ಮಕ್ಕಳು ಓದುತ್ತಾರೆ. ಕಟ್ಟಡದ ಜೊತೆ ಕಟ್ಟಿದವರ ಕಥೆಯೂ ಅವರಿಗೆ ಸಿಗಬೇಕು. ಬೆರ್ನಾರ್ದೊ 1970ರಲ್ಲಿ ಮೆಕ್ಸಿಕೋ ನಗರದಲ್ಲಿ ತೀರಿಕೊಂಡರು. ಫ್ರಾಂಕೊ ಸತ್ತದ್ದು 1975ರಲ್ಲಿ. ಬೆರ್ನಾರ್ದೊಗೆ ಇನ್ನೊಂದಿಷ್ಟು ವರ್ಷ ಆಯುಸ್ಸಿದ್ದಿದ್ದರೆ, ಶಾಲೆ ಬಿಡುವ ಹೊತ್ತಿಗೆ ಕ್ಲೌದಿಯೊ ಮೊಯಾನೊ ಶಾಲೆಯ ಮುಂದೆ ಅವರು ನಿಂತುಕೊಳ್ಳಬಹುದಿತ್ತು. ಯಾವ ಮಗುವೂ ಅವರ ಗುರುತು ಹಿಡಿಯುತ್ತಿರಲಿಲ್ಲ, ನಿಜ. ಆದರೆ ಆ ಗದ್ದಲವನ್ನು ಅವರು ಒಮ್ಮೆ ಕೇಳಬೇಕಿತ್ತು.