ಅಸಲಿನ ಮೇಲೆ ಐದನೇ ಒಂದು ಪಾಲು

ಗಣೇಶ ಚೌತಿಯ ಹೊತ್ತಿಗೆ ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರೆ ಹೊಲಗಳಲ್ಲಿ ಹೆಸರಿನ ರಾಶಿ ನಡೆದಿರುತ್ತದೆ. ಮಳೆ ಬಿಡುವು ಕೊಟ್ಟರೆ ಕಾಳು ರಸ್ತೆಯ ಮೇಲೇ ಒಣಗುತ್ತದೆ, ಕೊಡದಿದ್ದರೆ ಹಸಿಯಾಗಿಯೇ ಪೇಟೆ ಸೇರುತ್ತದೆ. ಕೊಳ್ಳುವವ ಚೀಲದಿಂದ ನಾಲ್ಕು ಕಾಳೆತ್ತಿ ಹಲ್ಲಿನಲ್ಲಿ ಕಡಿದು ನೋಡುತ್ತಾನೆ. "ಹಸಿ ಐತ್ರಿ, ಕ್ವಿಂಟಲ್‌ಗೆ ಒಂದ ಕಿಲೋ ಸೂಟ್ ಬಿಡ್ರಿ." ರೈತ ಬಿಡುತ್ತಾನೆ. ಗಾಡಿ ಬಾಡಿಗೆ ಕೊಟ್ಟು ತಂದದ್ದನ್ನು ಮತ್ತೆ ಊರಿಗೆ ಒಯ್ಯಲಾದೀತೆ?

ತೇವ ನಿಜವಾಗಿದ್ದರೆ ಆ ಕಡಿತಕ್ಕೆ ಕಾರಣವಿದೆ. ಗಣಗಣ ಒಣಗಿದ ಕಾಳಿಗೂ ಅದೇ ಸೂಟು ಬಿದ್ದರೆ ಅದು ಕಳವು. 2024-25ರಲ್ಲಿ ಹೆಸರಿನ ಬೆಂಬಲ ಬೆಲೆ ಕ್ವಿಂಟಲಿಗೆ 8,682 ರೂಪಾಯಿ ಇತ್ತು. ಆ ದರದಲ್ಲಿ ಹತ್ತು ಕ್ವಿಂಟಲಿಗೆ ಹತ್ತು ಕಿಲೋ ಹೋದರೆ 868 ರೂಪಾಯಿ ಹೋದಂತೆ. ತಪ್ಪು ಒಂದೇ ಕಡೆಯದಲ್ಲ. ತೂಕಕ್ಕೆಂದು ಒಣಮೆಣಸಿನಕಾಯಿಗೆ ನೀರು ಚಿಮುಕಿಸುವವರೂ ಇದ್ದಾರೆ, ಒಳ್ಳೆಯದನ್ನು ಚೀಲದ ಬಾಯಿಗೆ ಹಾಕಿ ಬಿಳಿಗಾಯಿಯನ್ನು ತಳಕ್ಕೆ ತುಂಬುವವರೂ ಇದ್ದಾರೆ.

ಬೈಬಲಿಗೆ ಈ ಪೇಟೆ ಹೊಸದಲ್ಲ. ಒಂದೇ ಚೀಲದಲ್ಲಿ ದೊಡ್ಡದೊಂದು, ಸಣ್ಣದೊಂದು ತೂಕದ ಕಲ್ಲು ಇಟ್ಟುಕೊಳ್ಳುವುದನ್ನು ಧರ್ಮೋಪದೇಶಕಾಂಡ ನಿಷೇಧಿಸುತ್ತದೆ. ಸಬ್ಬತ್ತಿನ ದಿನ ಯಾವಾಗ ಮುಗಿದೀತು, ಯಾವಾಗ ಅಳತೆ ಕಿರಿದು ಮಾಡಿ ಧಾನ್ಯ ಮಾರೇವು ಎಂದು ಕಾಯುತ್ತಿದ್ದ ವ್ಯಾಪಾರಿಗಳನ್ನು ಪ್ರವಾದಿ ಆಮೋಸ ಖಂಡಿಸಿದ್ದ. ಇನ್ನೂ ಕಟ್ಟುನಿಟ್ಟಾದ ಮಾತು ಯಾಜಕಕಾಂಡದ 6ನೇ ಅಧ್ಯಾಯದಲ್ಲಿದೆ: ನೆರೆಯವನಿಗೆ ಮೋಸ ಮಾಡಿದವನು ಅಸಲನ್ನೂ ಅದರ ಐದನೇ ಒಂದು ಪಾಲನ್ನೂ ಸೇರಿಸಿ ಹಿಂದಿರುಗಿಸಬೇಕು. ಮೇಲಿನ ಲೆಕ್ಕದಲ್ಲಿ ಅದು ಸುಮಾರು 1,042 ರೂಪಾಯಿ. ಯೆರಿಕೋವಿನ ಸುಂಕದ ಅಧಿಕಾರಿ ಜಕ್ಕಾಯ ಯೇಸುವಿನ ಮುಂದೆ ಇನ್ನೂ ಮುಂದಕ್ಕೆ ಹೋದ, ಮೋಸದಿಂದ ಪಡೆದದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆಂದ. ಪಶ್ಚಾತ್ತಾಪವನ್ನು ರೂಪಾಯಿಯಲ್ಲಿ ಎಣಿಸಿ ಕೈಗೆ ಹಾಕಬೇಕೆನ್ನುವುದು ಇಲ್ಲಿಯ ವಿಶೇಷ.

ಕೂಲಿಯ ಮಾತೂ ಹಾಗೆಯೇ. ದಿನಗೂಲಿಯವನ ಹಣ ಬೆಳಗಿನ ತನಕ ಧಣಿಯ ಬಳಿ ಉಳಿಯಬಾರದೆನ್ನುತ್ತದೆ ಯಾಜಕಕಾಂಡ. ಕಲಘಟಗಿಯಲ್ಲಿ ಭತ್ತದ ನಾಟಿ ಮುಗಿಸಿದ ಹೆಣ್ಣುಮಗಳಿಗೆ "ಸಂತಿ ದಿನಾ ಕೊಡ್ತೀನಿ" ಎಂದರೆ ಅಷ್ಟು ದಿನ ಅವಳ ಮನೆಯಲ್ಲಿ ಉದ್ರಿ ಬೆಳೆಯುತ್ತದೆ.

ಈ ಬೈಬಲನ್ನು ಹಿಡಿದು ಬಾಸೆಲ್ ಮಿಷನ್ ಧಾರವಾಡಕ್ಕೆ ಬಂದದ್ದು 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ. ಅದರ ಸಭೆಗಳಲ್ಲಿ ಸದಸ್ಯರ ನಡವಳಿಕೆ ನೋಡಲು ಹಿರಿಯರ ಮಂಡಳಿ ಇರುತ್ತಿತ್ತು, ತಪ್ಪಿ ನಡೆದವರನ್ನು ಕರ್ತನ ಭೋಜನದಿಂದ ದೂರ ಇಡುವ ಶಿಸ್ತೂ ಇತ್ತು. ಇದೇ ಮಿಷನ್ನಿನ ಕಿಟೆಲ್ ಶಬ್ದಕೋಶ 1894ರಲ್ಲಿ ಹೊರಬಂತು. ಯಾವ ಪದ ಯಾವ ಗ್ರಂಥದ್ದು, ಯಾವ ಸೀಮೆಯದು ಎಂದು ಅದರಲ್ಲಿ ಗುರುತು ಹಾಕಿದ್ದಾರೆ, ಖಾತ್ರಿಯಿಲ್ಲದೆಡೆ ಪ್ರಶ್ನಾರ್ಥಕ ಚಿಹ್ನೆ ಇಟ್ಟಿದ್ದಾರೆ. ಇದೂ ತೂಕದ ಪ್ರಾಮಾಣಿಕತೆಯೇ.

ಈಗಲೂ ಆ ಸಭೆಗಳ ವಾರಸುದಾರರಾದ ಸಿ.ಎಸ್.ಐ. ಚರ್ಚುಗಳಲ್ಲಿ ಸುಗ್ಗಿಯ ಆರಾಧನೆ ನಡೆಯುತ್ತದೆ. ಕಾಳು, ಕುಂಬಳಕಾಯಿ, ಕೋಳಿ, ತತ್ತಿ ವೇದಿಯ ಮುಂದೆ ಬರುತ್ತವೆ, ಆಮೇಲೆ ಹರಾಜಾಗುತ್ತವೆ. ಕಾಣಿಕೆ ತರುವಾಗ ಸಹೋದರನ ದೂರು ನೆನಪಾದರೆ ಕಾಣಿಕೆಯನ್ನು ಅಲ್ಲೇ ಇಟ್ಟು ಹೋಗಿ ಮೊದಲು ರಾಜಿಯಾಗಬೇಕೆಂಬುದು ಯೇಸುವಿನ ಮಾತು. ವೇದಿಗೆ ಬಂದ ಆ ಕಾಳಿನ ರಾಶಿಯಿಂದಲೇ ಹಿಂದಿನ ವಾರ ನಾಲ್ಕು ಚೀಲ ಪೇಟೆಗೂ ಹೋಗಿರುತ್ತದೆ.