236 ಕಿ.ಮೀ., 28 ನಿಮಿಷ, ಐದೂವರೆ ಗಂಟೆ

ಶಿವಮೊಗ್ಗ ಸಮೀಪದ ಸೋಗಾನೆಯಲ್ಲಿ ಕುವೆಂಪು ವಿಮಾನ ನಿಲ್ದಾಣ ಉದ್ಘಾಟನೆಯಾದದ್ದು 2023ರ ಫೆಬ್ರುವರಿ 27ರಂದು. ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂದಿಳಿಯಿತು. ಅಂದಿನಿಂದ ನಮ್ಮ ನ್ಯಾಮತಿ ಕಡೆ ಹುಡುಗರದ್ದು ಒಂದೇ ಮಾತು: ‘ಇಂಟರ್‌ವ್ಯೂ ಬಂದ್ರೆ ಬೆಂಗ್ಳೂರು ಬರೀ ಒಂದು ಗಂಟೆ’. ಟಿಕೆಟ್‌ಗೆ ಅಪ್ಪನ ಹತ್ತಿರ ದುಡ್ಡು ಕೇಳುವ ಮುನ್ನ ಈ ಮಾತನ್ನು ಲೆಕ್ಕ ಹಾಕಿ ನೋಡುವುದು ಒಳ್ಳೆಯದು.

ಮೊದಲು ದೂರ. ಸೋಗಾನೆ ಇರುವುದು ಸುಮಾರು 13 ಡಿಗ್ರಿ 51 ನಿಮಿಷ ಉತ್ತರ ಅಕ್ಷಾಂಶ, 75 ಡಿಗ್ರಿ 37 ನಿಮಿಷ ಪೂರ್ವ ರೇಖಾಂಶದಲ್ಲಿ. ಬೆಂಗಳೂರಿನ ಕೆಂಪೇಗೌಡ ನಿಲ್ದಾಣ 13 ಡಿಗ್ರಿ 12 ನಿಮಿಷ, 77 ಡಿಗ್ರಿ 42 ನಿಮಿಷದಲ್ಲಿ. ಈ ನಿಮಿಷ ಗಡಿಯಾರದ್ದಲ್ಲ, ಡಿಗ್ರಿಯ ಅರವತ್ತನೇ ಒಂದು ಭಾಗ. ಅಕ್ಷಾಂಶದ ಒಂದು ನಿಮಿಷವೆಂದರೆ ನೆಲದ ಮೇಲೆ ಒಂದು ನಾಟಿಕಲ್ ಮೈಲು, ಅಂದರೆ 1.852 ಕಿ.ಮೀ. ಉತ್ತರ-ದಕ್ಷಿಣದ ವ್ಯತ್ಯಾಸ 39, ಪೂರ್ವ-ಪಶ್ಚಿಮದ್ದು 125. ರೇಖಾಂಶಗಳು ಧ್ರುವದ ಕಡೆ ಹೋದಂತೆ ಹತ್ತಿರವಾಗುವುದರಿಂದ 125ನ್ನು 13.5 ಡಿಗ್ರಿಯ ಕೊಸೈನ್‌ನಿಂದ ಗುಣಿಸಬೇಕು, 121.5 ಬರುತ್ತದೆ. ಉಳಿದದ್ದು ಹೈಸ್ಕೂಲಿನ ಪೈಥಾಗೊರಸ್. ಉತ್ತರ 127.6 ನಾಟಿಕಲ್ ಮೈಲು, 236 ಕಿ.ಮೀ. ಇಷ್ಟು ಕಡಿಮೆ ದೂರಕ್ಕೆ ಭೂಮಿಯ ದುಂಡಗನ್ನು ಮರೆತರೂ ನಡೆಯುತ್ತದೆ.

ಈ ಮಾರ್ಗದಲ್ಲಿ ಮೊದಲು ಬಂದದ್ದು ರೆಕ್ಕೆಗೆ ಫ್ಯಾನಿನಂಥ ಪ್ರೊಪೆಲ್ಲರ್ ಇರುವ ಎಟಿಆರ್ 72. ಅದರ ವೇಗ ಗಂಟೆಗೆ ಸುಮಾರು 500 ಕಿ.ಮೀ. ಭಾಗಿಸಿದರೆ 28 ನಿಮಿಷ! ಆದರೆ ವೇಳಾಪಟ್ಟಿಯಲ್ಲಿ ಒಂದು ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು. ಉಳಿದ ಅರ್ಧ ಗಂಟೆ ಎಲ್ಲಿ ಹೋಯಿತು?

ವಿಮಾನ ನಿಂತ ಜಾಗದಿಂದ ಕದಲಿದ ಕ್ಷಣದಿಂದ ಇನ್ನೊಂದು ಕಡೆ ನಿಲ್ಲುವ ತನಕದ ಹೊತ್ತಿಗೆ ‘ಬ್ಲಾಕ್ ಟೈಮ್’ ಎನ್ನುತ್ತಾರೆ. ಟಿಕೆಟ್‌ನಲ್ಲಿ ಅಚ್ಚಾಗುವುದು ಅದು. ರನ್‌ವೇವರೆಗೆ ಉರುಳುವುದು, ನಿಧಾನವಾಗಿ ಮೇಲೇರುವುದು, ಇಳಿಯಲು ಸರದಿ ಕಾಯುವುದು ಎಲ್ಲವೂ ಅದರೊಳಗೆ. ನನಗೆ ಮಜಾ ಅನಿಸಿದ್ದು ಗಾಳಿಯ ವಿಷಯ. ಬೆಂಗಳೂರಿನ ಎರಡು ರನ್‌ವೇಗಳೂ ಪೂರ್ವ-ಪಶ್ಚಿಮವಾಗಿವೆ. ವಿಮಾನ ಇಳಿಯುವುದು ಗಾಳಿಗೆ ಎದುರಾಗಿ. ಮುಂಗಾರಿನಲ್ಲಿ ಗಾಳಿ ಪಶ್ಚಿಮದ್ದು. ಹಾಗಾಗಿ ಪಶ್ಚಿಮದಿಂದ ಹೋದ ನಮ್ಮ ವಿಮಾನ ನಿಲ್ದಾಣವನ್ನು ದಾಟಿ ಪೂರ್ವಕ್ಕೆ ಹೋಗಿ, ತಿರುಗಿ ಬಂದು ಇಳಿಯಬೇಕು. ಊರು ಕಂಡರೂ ಇಳಿಯುವಂತಿಲ್ಲ.

ಹೋದ ತಿಂಗಳು ಅಕ್ಕ ‘ಫ್ಲೈಟ್‌ಗೆ ಹೋಗ್ಲೇನೋ?’ ಎಂದಾಗ ಮನೆ ಬಾಗಿಲಿನಿಂದ ಮೆಜೆಸ್ಟಿಕ್‌ವರೆಗಿನ ಲೆಕ್ಕ ಬರೆದುಕೊಟ್ಟೆ. ಶಿವಮೊಗ್ಗದಲ್ಲಿ ಬಸ್ ಬದಲಿಸಿ ಸೋಗಾನೆಗೆ ಒಂದೂವರೆ ಗಂಟೆ. ಕನಿಷ್ಠ ಒಂದು ಗಂಟೆ ಮುಂಚೆ ಅಲ್ಲಿರಬೇಕು. ವಿಮಾನಕ್ಕೆ ಒಂದು ಗಂಟೆ ಹತ್ತು ನಿಮಿಷ, ಹೊರಬರಲು ಕಾಲು ಗಂಟೆ, ದೇವನಹಳ್ಳಿ ಕಡೆಯಿಂದ ಪೇಟೆಗೆ ಒಂದೂವರೆ ಗಂಟೆ. ಒಟ್ಟು ಸುಮಾರು ಐದೂವರೆ. ಬೆಳಗಿನ ಜನಶತಾಬ್ದಿ ರೈಲಿನಲ್ಲಿ, ನ್ಯಾಮತಿಯಿಂದ ಸ್ಟೇಷನ್‌ಗೆ ಹೋಗುವುದೂ ಸೇರಿ, ಆರು. ಉಳಿಯುವುದು ಅರ್ಧ ಗಂಟೆ. ಅಕ್ಕ ರೈಲಿಗೆ ಬುಕ್ ಮಾಡಿದಳು.

ಹೈದರಾಬಾದ್ ಆದರೆ ನಾನೂ ವಿಮಾನವನ್ನೇ ಹೇಳುತ್ತಿದ್ದೆ. ನೇರ ದೂರ ಸುಮಾರು 480 ಕಿ.ಮೀ., ಎರಡು ಪಟ್ಟು. ಆದರೆ ಕಾಯುವ, ಹತ್ತುವ, ಇಳಿಯುವ ಹೊತ್ತು ಎರಡು ಪಟ್ಟಾಗುವುದಿಲ್ಲ. ರಸ್ತೆಯಲ್ಲಾದರೆ ಇಡೀ ರಾತ್ರಿ ಹೋಗುತ್ತದೆ.

ಹುಬ್ಬಳ್ಳಿಯ ಲೆಕ್ಕವಂತೂ ತಮಾಷೆ. ಸೋಗಾನೆಯಿಂದ ಅಲ್ಲಿನ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ 178 ಕಿ.ಮೀ. ನೇರ ವಿಮಾನ ಸಿಗದೆ ಬೆಂಗಳೂರಿನಲ್ಲಿ ಬದಲಿಸಿದರೆ 236ಕ್ಕೆ ಇನ್ನೊಂದು 370 ಸೇರಿ 606 ಕಿ.ಮೀ. ಹಾರಬೇಕು. ಅಲ್ಲಿಗೆ ನಾವು ಹೊನ್ನಾಳಿ, ರಾಣೆಬೆನ್ನೂರು ದಾಟಿ ಬಸ್ಸಿನಲ್ಲೇ ಹೋಗುತ್ತೇವೆ.