ಶಿವರಾಂಪಲ್ಲಿಯ ಪಾಠ, ಚಟಾನ್‌ಪಲ್ಲಿಯ ವರದಿ

ಹೈದರಾಬಾದಿನಿಂದ ಬೆಂಗಳೂರಿನತ್ತ ಹೊರಡುವ ಹೆದ್ದಾರಿಯಲ್ಲಿ ನಗರ ಕಳೆಯುವ ಮುನ್ನವೇ ಶಿವರಾಂಪಲ್ಲಿ ಸಿಗುತ್ತದೆ. ಸರ್ದಾರ್ ವಲ್ಲಭಭಾಯಿ ಪಟೇಲ್ ರಾಷ್ಟ್ರೀಯ ಪೊಲೀಸ್ ಅಕಾಡೆಮಿ ಇರುವುದು ಇಲ್ಲೇ. 1948ರಲ್ಲಿ ಮೌಂಟ್ ಅಬುವಿನಲ್ಲಿ ಶುರುವಾದ ಸಂಸ್ಥೆ 1974ರಲ್ಲಿ ಪಟೇಲರ ಹೆಸರು ಪಡೆದು, ಮರುವರ್ಷ ಹೈದರಾಬಾದಿಗೆ ಬಂತು. ಕರ್ನಾಟಕದ ಜಿಲ್ಲೆಗಳಿಗೆ ಎಸ್‌ಪಿಗಳಾಗಿ ಬರುವ ಐಪಿಎಸ್ ಅಧಿಕಾರಿಗಳು ಮೊದಲು ಕವಾಯತು ಮಾಡಿದ್ದು ಇದೇ ಮೈದಾನದಲ್ಲಿ. ಕುದುರೆ ಸವಾರಿ, ಬಂದೂಕು, ಅಪರಾಧ ಕಾನೂನು, ವಿಧಿವಿಜ್ಞಾನ, ಮಾನವ ಹಕ್ಕು ಎಲ್ಲವೂ ಪಠ್ಯದಲ್ಲಿವೆ. ನಡುವೆ ಪ್ರೊಬೇಷನರ್‌ಗಳನ್ನು ಜಿಲ್ಲೆಗೆ ಕಳಿಸಿ, ಠಾಣೆಯ ಕೆಲಸ ಕಲಿತ ಮೇಲೆ ಮತ್ತೆ ಕರೆಸಿಕೊಳ್ಳುತ್ತಾರೆ. ಹೀಗೆ ಮರಳಿ ಕರೆಸುವುದರಲ್ಲೇ ಸಂಸ್ಥೆಯ ದೊಡ್ಡ ವಿವೇಕವಿದೆ, ಕಂಡದ್ದನ್ನು ಕಲಿತದ್ದರ ಪಕ್ಕದಲ್ಲಿಟ್ಟು ನೋಡಲು ಅದು ಅವಕಾಶ ಕೊಡುತ್ತದೆ. ಆದರೆ ಠಾಣೆಯಲ್ಲಿ ತಪ್ಪು ನಡೆದಾಗ ಅದರ ತನಿಖೆಯೂ ಹೀಗೆಯೇ ಪಾಠದ ಕೊಠಡಿಗೆ ಮರಳಿ ಬರಬೇಕು. ಇಲ್ಲದಿದ್ದರೆ ಎಷ್ಟೇ ಒಳ್ಳೆಯ ತರಬೇತಿಯೂ ಠಾಣೆಯ ಹಳೆಯ ರೂಢಿಗೆ ಸೋಲುತ್ತದೆ.

ಇದೇ ಹೆದ್ದಾರಿಯಲ್ಲಿ ಮುಂದೆ ಹೋದರೆ ಶಾದ್‌ನಗರ, ಅದರ ಹತ್ತಿರ ಚಟಾನ್‌ಪಲ್ಲಿ. ಪಶುವೈದ್ಯೆಯೊಬ್ಬರ ಅತ್ಯಾಚಾರ, ಕೊಲೆಯ ನಾಲ್ವರು ಆರೋಪಿಗಳು 2019ರ ಡಿಸೆಂಬರ್ 6ರ ಬೆಳಗಿನ ಜಾವ ಅಲ್ಲಿ ಪೊಲೀಸರ ಗುಂಡಿಗೆ ಸತ್ತರು. ಮಹಜರಿಗೆ ಕರೆತಂದಾಗ ಅವರು ಪಿಸ್ತೂಲು ಕಸಿದುಕೊಂಡು ಗುಂಡು ಹಾರಿಸಿದರು ಎಂದು ಪೊಲೀಸರು ಹೇಳಿದರು. ಸುಪ್ರೀಂ ಕೋರ್ಟ್ ನೇಮಿಸಿದ ನ್ಯಾಯಮೂರ್ತಿ ವಿ.ಎಸ್. ಸಿರ್ಪುರ್ಕರ್ ಆಯೋಗ ಅದನ್ನು ನಂಬಲಿಲ್ಲ. ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿದೆ, ಹತ್ತು ಮಂದಿ ಪೊಲೀಸರ ಮೇಲೆ ಕೊಲೆ ಆರೋಪದ ವಿಚಾರಣೆ ನಡೆಯಬೇಕು ಎಂದು 2022ರ ಮೇ ತಿಂಗಳಲ್ಲಿ ಬಹಿರಂಗವಾದ ಅದರ ವರದಿ ಹೇಳಿತು. ಆ ಪೊಲೀಸರು ಅಪರಾಧಿಗಳೇ ಅಲ್ಲವೇ ಎಂಬುದನ್ನು ತೀರ್ಮಾನಿಸಬೇಕಾದದ್ದು ನ್ಯಾಯಾಲಯ. ಆದರೆ ಕಸ್ಟಡಿ, ಮಹಜರು, ಬೆಂಗಾವಲು, ಸಾಕ್ಷ್ಯ ಸಂರಕ್ಷಣೆ ಹೇಗಿರಬೇಕು ಎಂದು ಕಲಿಸಲು ಇದಕ್ಕಿಂತ ಹತ್ತಿರದ ಪಠ್ಯ ಅಕಾಡೆಮಿಗೆ ಸಿಗಲಾರದು.

ಅಂದು ಜನ ಪೊಲೀಸರ ಮೇಲೆ ಹೂ ಎರಚಿದ್ದರಲ್ಲ ಎಂದು ಕೇಳಬಹುದು. ಆ ಸಂಭ್ರಮದ ಹಿಂದೆ ನ್ಯಾಯಾಲಯಗಳ ವಿಳಂಬದ ಮೇಲಿನ ನಿಜವಾದ ಸಿಟ್ಟಿತ್ತು, ಅದನ್ನು ಹಗುರವಾಗಿ ಕಾಣಬಾರದು. ಆದರೆ ಆರೋಪಿಗಳು ಸತ್ತ ಮೇಲೆ ಆ ಹೆಣ್ಣುಮಗಳ ಪ್ರಕರಣದ ಸಾಕ್ಷ್ಯ ಯಾವ ನ್ಯಾಯಾಧೀಶರ ಮುಂದೆಯೂ ಒರೆಗೆ ಬೀಳಲಿಲ್ಲ. ಅವಳಿಗೆ ಆದ ನಷ್ಟವೂ ಅದೇ. ಹೊರಗಿನವರ ತನಿಖೆಯಿಂದ ಪೊಲೀಸರ ಮನೋಬಲ ಕುಗ್ಗುತ್ತದೆ, ತನಿಖೆ ಮಾಡುವವರಿಗೆ ಈ ಕೆಲಸದ ಕಷ್ಟ ಗೊತ್ತಿಲ್ಲ ಎಂಬುದು ಇನ್ನೊಂದು ಆಕ್ಷೇಪ. ಆದರೆ ಸಿರ್ಪುರ್ಕರ್ ಆಯೋಗದ ಸದಸ್ಯರಲ್ಲಿ ಒಬ್ಬರಾಗಿದ್ದ ಡಿ.ಆರ್. ಕಾರ್ತಿಕೇಯನ್ ಕರ್ನಾಟಕ ಕೇಡರ್‌ನ ನಿವೃತ್ತ ಐಪಿಎಸ್ ಅಧಿಕಾರಿ, ರಾಜೀವ್ ಗಾಂಧಿ ಹತ್ಯೆಯ ತನಿಖೆ ನಡೆಸಿದವರು. ಪೊಲೀಸ್ ಸುಧಾರಣೆಗಾಗಿ 1996ರಲ್ಲಿ ಸುಪ್ರೀಂ ಕೋರ್ಟಿಗೆ ಹೋದ ಪ್ರಕಾಶ್ ಸಿಂಗ್ ಕೂಡ ನಿವೃತ್ತ ಡಿಜಿಪಿ. ರಾಜ್ಯ ಮತ್ತು ಜಿಲ್ಲಾ ಮಟ್ಟದಲ್ಲಿ ಪೊಲೀಸ್ ದೂರು ಪ್ರಾಧಿಕಾರ ಇರಬೇಕೆಂದು 2006ರಲ್ಲಿ ಕೋರ್ಟ್ ಆದೇಶಿಸಿದ್ದು ಆ ಪ್ರಕರಣದಲ್ಲೇ. ಕರ್ನಾಟಕ ಅದಕ್ಕಾಗಿ 2012ರಲ್ಲಿ ತನ್ನ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತು. ಹೊಣೆಗಾರಿಕೆ ಬೇಕೆಂಬ ಕೂಗು ಇಲಾಖೆಯ ಒಳಗಿನಿಂದಲೂ ಎದ್ದಿದೆ ಎಂಬುದಕ್ಕೆ ಇನ್ನೇನು ಪುರಾವೆ ಬೇಕು?

ಐಪಿಎಸ್ ಅಧಿಕಾರಿಗಳಿಗಷ್ಟೇ ಕಲಿಸಿದರೆ ಸಾಲದು. ಜನರಿಗೆ ಎದುರಾಗುವವರು ಕಾನ್‌ಸ್ಟೆಬಲ್‌ಗಳು, ಪಡೆಯಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಂದಿ ಅವರೇ. ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಕಡ್ಡಾಯ ಮಾಡಿದ ಬಂಧನ ಪತ್ರವನ್ನೇ ನೋಡಿ. ಅದರಲ್ಲಿ ಬಂಧನದ ದಿನಾಂಕ, ಸಮಯ ಇರಬೇಕು. ಮನೆಯವರೊಬ್ಬರು ಅಥವಾ ಊರಿನ ಗೌರವಸ್ಥರೊಬ್ಬರು ಸಾಕ್ಷಿ ಹಾಕಬೇಕು. ಬಂಧಿತನೂ ಸಹಿ ಮಾಡಬೇಕು. ಸ್ಥಳದಲ್ಲೇ ಬರೆದರೆ ಅದು ಬಂಧಿತನಷ್ಟೇ ಪೊಲೀಸನನ್ನೂ ಕಾಯುತ್ತದೆ. ಠಾಣೆಗೆ ಬಂದು ರಾತ್ರಿ ಸಮಯ ತಿದ್ದಿ ಬರೆದರೆ ಬರಿಯ ಕಾಗದ. ಯಾವುದು ನಡೆಯುತ್ತದೆ ಎಂಬುದು ಮೇಲಧಿಕಾರಿ ಯಾರನ್ನು ಮೆಚ್ಚುತ್ತಾನೆ ಎಂಬುದರ ಮೇಲೆ ನಿಂತಿದೆ. ಎನ್‌ಕೌಂಟರ್ ನಡೆದ ತಕ್ಷಣ ಬಡ್ತಿ, ಶೌರ್ಯ ಪದಕ ಕೊಡಬಾರದು ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನು ಅರಿತೇ. ತಿದ್ದಿ ಬರೆಯಲು ಒಪ್ಪದ ಕಾನ್‌ಸ್ಟೆಬಲ್‌ಗೆ ವರ್ಗಾವಣೆಯ ಭಯವಿಲ್ಲದೆ ಅದನ್ನು ಹೇಳಿಕೊಳ್ಳಲು ಒಂದು ಜಾಗ ಬೇಕು. ದೂರು ಪ್ರಾಧಿಕಾರದ ಬಾಗಿಲು ಅವನಿಗೂ ತೆರೆದಿರಲಿ, ಅಲ್ಲಿ ಹೊರಬಿದ್ದ ಸಂಗತಿಗಳನ್ನು ಹೆಸರು ಮರೆಮಾಚಿ ಪ್ರತಿ ವರ್ಷ ಶಿವರಾಂಪಲ್ಲಿಗೂ ಮೈಸೂರಿನ ಕರ್ನಾಟಕ ಪೊಲೀಸ್ ಅಕಾಡೆಮಿಗೂ ಪಾಠಕ್ಕೆಂದು ಕಳಿಸಲಿ.